ದ್ಯೂತವೇ ಬೇರೆ, ಕ್ರೀಡೆಯೇ ಬೇರೆ

ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೂ ನನ್ನ ಬಹುಕಾಲದ ಮಿತ್ರರೂ ಆದವರೊಬ್ಬರು ವಿಡಿಯೋ ಆಟಗಳ ವಿಷಯವಾಗಿ ಒಂದು ಉಗ್ರವಾದ ಲೇಖನವನ್ನು ಪ್ರಕಟಿಸಿರುವುದನ್ನು ವಾಚಕಮಹಾಶಯರು ಓದಿರಬಹುದು. ಅವರ ವಾದದ ಸಾರಾಂಶವಿಷ್ಟು: ಈ ಆಟಗಳು ಸಮಸ್ತವೂ ಜೂಜಿನ ಜಾತಿಗೆ ಸೇರಿದವು, ಇವುಗಳಲ್ಲಿ ಕಥೆಯಿಲ್ಲ, ರಸವಿಲ್ಲ, ಇವು ಮಕ್ಕಳ ಭಾಷೆಯನ್ನು ಕೆಡಿಸುವುವು. ಆದಕಾರಣ ಬರುವ ವಾರ್ಷಿಕ ಸಭೆಯಲ್ಲಿ ಸಂಘವು ಒಂದು ನಿರ್ಣಯವನ್ನು ಅಂಗೀಕರಿಸಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಪಾಠಶಾಲೆಗಳಿಗೆಲ್ಲ ಅದನ್ನು ಕಳುಹಿಸಿ, ಅಂತಹ ಯಂತ್ರವಿರುವ ಮನೆಯವರಿಂದ ಅದನ್ನು ಮಕ್ಕಳ ಕೈಗೆ ಕೊಡೆವೆಂದು ಪ್ರತಿಜ್ಞೆ ಬರೆಸಿಕೊಳ್ಳತಕ್ಕದ್ದೆಂದು ಅವರ ಸೂಚನೆ. ನಾನು ಆ ನಿರ್ಣಯವನ್ನು ವಿರೋಧಿಸುವವನಿದ್ದೇನೆ. ಸಭೆಯಲ್ಲಿ ಮಾತಿಗೆ ಐದು ನಿಮಿಷಕ್ಕಿಂತ ಹೆಚ್ಚು ದೊರೆಯುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮಿತ್ರರನ್ನು ಕಂಡು, ತಾವು ಯಾವ ಆಟವನ್ನು ನೋಡಿ ಇದನ್ನು ಬರೆದಿರೆಂದು ಕೇಳಿದೆನು. ‘ಮೇಷ್ಟ್ರೇ, ಹೆಂಡ ಕೆಟ್ಟದ್ದೆಂದು ಹೇಳುವುದಕ್ಕೆ ಹೆಂಡವನ್ನು ಕುಡಿದೇ ನೋಡಬೇಕೇನು?’ ಎಂದರು. ಬೇಡ, ಆದರೆ ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು ಎಳನೀರಿನ ಬುರುಡೆಯನ್ನು ಹೆಂಡದ ಮಡಕೆಯೆಂದು ಒಡೆಯುವುದಕ್ಕೆ ಮುಂಚೆ ಒಮ್ಮೆ ಮೂಸಿಯಾದರೂ ನೋಡಬೇಕಾಗಿತ್ತು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಖಂಡಿಸುವವನು ಮೊದಲು ಪೂರ್ವಪಕ್ಷವನ್ನು ಪ್ರತಿವಾದಿಯೇ ಮೆಚ್ಚುವಂತೆ ನಿರೂಪಿಸಿ ಆಮೇಲೆ ಕತ್ತಿಯನ್ನು ಹಿರಿಯುವನು. ಈ ಮರ್ಯಾದೆಯನ್ನು ನನಗೆ ಕಲಿಸಿದ ಪಾಠಶಾಲೆಯಲ್ಲಿಯೇ ಆ ಮಿತ್ರರೂ ಕಲಿತವರು. ಅವರು ಅದನ್ನು ಮರೆತದ್ದಕ್ಕೆ ನನಗೆ ವ್ಯಸನ.

ಮೊದಲನೆಯ ಆಕ್ಷೇಪವನ್ನು ತೆಗೆದುಕೊಳ್ಳೋಣ. ಆಟವೆಲ್ಲ ಜೂಜೆಂಬುದು ಎಲ್ಲಿಯ ನಿಘಂಟು? ನಾವಿಬ್ಬರೂ ಬಾಲ್ಯದಲ್ಲಿ ಉರುಹೊಡೆದ ಅಮರಕೋಶವನ್ನೇ ತೆರೆಯಲಿ. ಕ್ರೀಡೆ, ಖೇಲೆ, ಕೂರ್ದನ ಮುಂತಾದ ಶಬ್ದಗಳು ಮೊದಲನೆಯ ಕಾಂಡದ ನಾಟ್ಯವರ್ಗದಲ್ಲಿ, ರಸ ಭಾವಗಳ ನೆರೆಯಲ್ಲಿವೆ. ದ್ಯೂತ, ಕೈತವ, ಪಣ ಎಂಬ ಶಬ್ದಗಳಾದರೋ ಎರಡನೆಯ ಕಾಂಡದ ಕೊನೆಯ ವರ್ಗದಲ್ಲಿ, ಕಳ್ಳರಿಗಿರುವ ಹೆಸರುಗಳು ಎಲ್ಲಿವೆಯೋ ಅಲ್ಲಿಯೇ ಇವೆ. ಅಮರಸಿಂಹನಿಗೆ ತಿಳಿದಿದ್ದ ಈ ಭೇದವು ನಮಗೇಕೆ ತಿಳಿಯಬಾರದು? ಮನುವೂ ನಿರ್ಜೀವ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ ಪ್ರಾಣಿಗಳನ್ನು ಕಾದಾಡಿಸುವುದನ್ನು ಸಮಾಹ್ವಯವೆಂದೂ ವಿಂಗಡಿಸಿ, ಎರಡನ್ನೂ ಅರಸನು ರಾಜ್ಯದಿಂದ ಹೊರಗಟ್ಟಬೇಕೆಂದು ವಿಧಿಸಿದನು. ಎರಡರಲ್ಲಿಯೂ ದೋಷವಿರುವುದು ಪಣದಲ್ಲಿ. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಕಡೆಗೆ ದ್ರೌಪದಿಯನ್ನೂ ಕಳೆದುಕೊಂಡದ್ದು ಕಾಯಿಗಳನ್ನು ನಡೆಯಿಸಿದ್ದರಿಂದಲ್ಲ, ಪಣವನ್ನೊಡ್ಡಿದ್ದರಿಂದ.

ಹಣವನ್ನು ಒಡ್ಡಿ ದೂರವಾಣಿಯಲ್ಲಿ ಆಡುವ ಇಸ್ಪೀಟು ಮೊದಲಾದವುಗಳ ವಿಷಯದಲ್ಲಿ ನನ್ನ ಮಿತ್ರರಿಗಿಂತಲೂ ನಾನು ಕಠೋರನು. ಕರ್ನಾಟಕ ಸರ್ಕಾರವು ಪೋಲೀಸು ಕಾಯಿದೆಯನ್ನು ತಿದ್ದಿ ೨೦೨೧ನೆಯ ಇಸವಿಯ ಅಕ್ಟೋಬರಿನಲ್ಲಿ ಅವನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿ ೧೪ರಂದು ಉಚ್ಚ ನ್ಯಾಯಾಲಯವು ಆ ತಿದ್ದುಪಡಿಯ ಮುಖ್ಯಭಾಗವನ್ನು ರದ್ದುಗೊಳಿಸಿತು. ಬಳಿಕ ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ದೇಶಕ್ಕೆಲ್ಲ ಅನ್ವಯಿಸುವಂತೆ ಬೇರೊಂದು ಕಾಯಿದೆಯನ್ನು ಮಾಡಿತು. ಆ ಕಾಯಿದೆಯಲ್ಲಿ ಕೂಡ ಹಣದ ಆಟಗಳು ಒಂದು ವರ್ಗ, ಹಣವಿಲ್ಲದ ಸಾಮಾಜಿಕ ಹಾಗೂ ಶೈಕ್ಷಣಿಕ ಆಟಗಳು ಇನ್ನೊಂದು ವರ್ಗ. ಮೊದಲನೆಯದಕ್ಕೆ ನಿಷೇಧ, ಎರಡನೆಯದಕ್ಕೆ ಉತ್ತೇಜನ. ಪಾರ್ಲಿಮೆಂಟಿಗೂ ಅಮರಸಿಂಹನಿಗೂ ಒಂದೇ ಅಭಿಪ್ರಾಯವಿರುವ ವಿಷಯಗಳು ಹೆಚ್ಚಿಲ್ಲ. ಇರುವ ಒಂದರಲ್ಲಿ ನಮ್ಮ ಸಂಘವು ಇಬ್ಬರನ್ನೂ ಎದುರುಹಾಕಿಕೊಳ್ಳುವುದು ಬೇಡ.

ಇನ್ನು ನಾನೇ ಮಾಡಿದ ಒಂದು ಅನ್ಯಾಯವನ್ನು ಹೇಳಿಕೊಂಡು ಮುಂದೆ ಹೋಗುವೆನು. ೧೯೯೮ನೆಯ ಇಸವಿಯಲ್ಲಿ ನಾನು ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಟೀವಿಗೆ ಸಿಕ್ಕಿಸಿ ಆಡುವ ಆಟದ ಕ್ಯಾಸೆಟ್ಟೊಂದನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದನು. ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ಪರೀಕ್ಷೆ ಮುಗಿದ ಮೇಲೆ ಕೊಡುವೆನೆಂದು ಹೇಳಿದ್ದೆನು. ಕೊಡಲಿಲ್ಲ, ಅವನೂ ಕೇಳಲಿಲ್ಲ. ಕೇಳದಂತೆ ಹೆದರಿಸಿದ್ದೆನೆಂಬುದು ನಿಜವಾದ ಮಾತು. ನಿವೃತ್ತನಾದ ವರ್ಷ ನನ್ನ ಪೆಟ್ಟಿಗೆಯನ್ನು ಒಪ್ಪಮಾಡುತ್ತಿದ್ದಾಗ ಹಳೆಯ ಹಾಜರಿಪುಸ್ತಕಗಳ ಕೆಳಗೆ ಅದು ಸಿಕ್ಕಿತು. ಅದರೊಳಗೆ ಏನಿತ್ತೆಂಬುದನ್ನು ನಾನು ಅಂದೂ ನೋಡಲಿಲ್ಲ, ಇಂದೂ ಅರಿಯೆನು. ನನ್ನ ಮಿತ್ರರು ಲೇಖನದಲ್ಲಿ ಮಾಡಿದ್ದನ್ನು ನಾನು ಬೀರುವಿನಲ್ಲಿ ಮಾಡಿದೆನು, ವ್ಯತ್ಯಾಸವಿಷ್ಟೇ.

ನನ್ನ ಕಣ್ಣು ತೆರೆದದ್ದು ಹಾಸನದಲ್ಲಿರುವ ಮಗಳ ಮನೆಯಲ್ಲಿ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಹನ್ನೆರಡು ವರ್ಷದ ಮೊಮ್ಮಗಳು ಅಂಗೈಯಗಲದ ಯಂತ್ರವೊಂದನ್ನು ಹಿಡಿದುಕೊಂಡು ಬಂದು, ‘ತಾತ, ದೌ ಅಂದರೇನು? ದೀ ಅಂದರೇನು? ಈ ರಾಜ ಹೀಗೇಕೆ ಮಾತಾಡ್ತಾನೆ?’ ಎಂದು ಕೇಳಿದಳು. ಇದು ಹಳೆಯ ಇಂಗ್ಲಿಷು, ನಮ್ಮ ಹಳಗನ್ನಡದ ‘ನೀಂ’ ಇದ್ದಂತೆ, ಎಂದು ಹೇಳಿದೆನು. ‘ಹಾಗಾದರೆ ಕೂತು ಎಲ್ಲಾ ಹೇಳಿಕೊಡಿ’ ಎಂದು ಪಕ್ಕದಲ್ಲಿ ಕೂರಿಸಿಕೊಂಡಳು. ಪಠ್ಯಪುಸ್ತಕದ ಹಳಗನ್ನಡದ ಪದ್ಯವನ್ನು ಓದೆಂದರೆ ಹೊಟ್ಟೆನೋವೆನ್ನುವ ಮಗು ಇದು!

ಆ ಆಟದ ಹೆಸರು ಡ್ರ್ಯಾಗನ್ ಕ್ವೆಸ್ಟ್. ಇಂಗ್ಲಿಷ್ ಮಾತಾಡುವ ರಾಜನು ಹುಟ್ಟಿದ್ದು ಜಪಾನಿನಲ್ಲಿ. ೧೯೮೬ನೆಯ ಇಸವಿಯ ಮೇ ೨೭ರಂದು ಎನಿಕ್ಸ್ ಎಂಬ ಸಂಸ್ಥೆಯು ನಿಂಟೆಂಡೋ ಕಂಪೆನಿಯ ಫ್ಯಾಮಿಕಾಂ ಯಂತ್ರಕ್ಕಾಗಿ ಇದನ್ನು ಪ್ರಕಟಿಸಿತು. ಕಥೆಯನ್ನೂ ಆಟದ ಕಟ್ಟನ್ನೂ ರಚಿಸಿದವರು ಯೂಜಿ ಹೋರಿ. ಚಿತ್ರ ಅಕಿರಾ ತೋರಿಯಾಮ. ಸಂಗೀತ ಕೋಇಚಿ ಸುಗಿಯಾಮ. ಅಮೆರಿಕೆಯಲ್ಲಿ ೧೯೭೪ರಲ್ಲಿ ಹುಟ್ಟಿದ, ಮೇಜಿನ ಸುತ್ತ ಕುಳಿತು ಬಾಯಿಮಾತಿನಲ್ಲಿ ಕಥೆ ಕಟ್ಟುತ್ತ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬುದು ಈ ವಂಶದ ಮೂಲಪುರುಷ. ಅದನ್ನು ಗಣಕಯಂತ್ರಕ್ಕೆ ಇಳಿಸಿದ ಅಲ್ಟಿಮಾ, ವಿಜರ್ಡ್ರಿ ಎಂಬ ೧೯೮೧ರ ಎರಡು ಕೃತಿಗಳು ಹೋರಿಯವರಿಗೆ ಮಾರ್ಗದರ್ಶಕಗಳಾದುವು. ಆ ಬಳಿಕ ಇಂತಹ ಆಟಗಳು ನೂರಾರು ಬಂದಿವೆ. ಮೊದಲನೆಯದನ್ನೇ ೨೦೨೫ರ ಅಕ್ಟೋಬರಿನಲ್ಲಿ ಹೊಸ ವೇಷದಿಂದ ಪುನಃ ಪ್ರಕಟಿಸಿದರು. ಸುಮಾರು ನಾಲ್ವತ್ತು ವರ್ಷ ಬಾಳಿದ ಮೇಲೂ ಕೊಳ್ಳುವವರಿರುವ ಕೃತಿಗಳು ನಮ್ಮ ಸಂಘದ ಪ್ರಕಟಣೆಗಳಲ್ಲಿ ಎಷ್ಟಿವೆಯೆಂಬುದನ್ನು ಖಜಾಂಚಿಗಳು ಬಲ್ಲರು.

ಕಥೆಯಿಲ್ಲವೆಂದು ಹೇಳಿದವರು ಕಥೆಯನ್ನು ಕೇಳಲಿ. ಒಂದು ರಾಜ್ಯ, ಅದರ ಬೆಳಕಿನ ಗೋಲವನ್ನು ಮಹಾಸರ್ಪರಾಜನೊಬ್ಬನು ಅಪಹರಿಸಿರುವನು, ರಾಜಪುತ್ರಿಯೂ ಸೆರೆಯಲ್ಲಿರುವಳು. ಹಿಂದೊಬ್ಬ ಮಹಾವೀರನಿದ್ದನು, ಅವನ ವಂಶಜನು ನೀನೇ ಎಂದು ರಾಜನು ಆಡುವವರನ್ನೇ ಸಂಬೋಧಿಸುವನು. ನಾಯಕನಿಗೆ ಹೆಸರಿಲ್ಲ; ಆಡುವ ಮಗು ತನ್ನ ಹೆಸರನ್ನೇ ಇಡುವುದು. ಮೂಲದ ಆಟದಲ್ಲಿ ಆ ಹೆಸರಿನ ಅಕ್ಷರಗಳನ್ನು ಹಿಡಿದು ನಾಯಕನ ಬಲ ಮಂತ್ರಶಕ್ತಿಗಳು ಬೆಳೆಯುವ ಗತಿಯು ಗೊತ್ತಾಗುತ್ತಿತ್ತಂತೆ. ನಾಮನಕ್ಷತ್ರ ನೋಡುವ ನಮ್ಮ ಜೋಯಿಸರು ಇದನ್ನು ಕೇಳಿದರೆ ಸಂತೋಷಪಟ್ಟಾರು. ಇಷ್ಟು ದೊಡ್ಡ ಕಾರ್ಯಕ್ಕೆ ರಾಜನು ಕೊಡುವುದು ೧೨೦ ನಾಣ್ಯ. ಅದರಲ್ಲಿ ಒಂದು ಬಿದಿರುಕೋಲನ್ನೋ ದೊಣ್ಣೆಯನ್ನೋ ಕೊಂಡು ಹೊರಡಬೇಕು. ಸಾಹಿತ್ಯಸಂಘಗಳಿಗೆ ಬರುವ ಅನುದಾನವು ನನ್ನ ನೆನಪಿಗೆ ಬಂದಿತು.

ಕೋಟೆಯ ಬಾಗಿಲನ್ನು ದಾಟಿದ ಕೂಡಲೇ ಏನು ಕಾಣುವುದು? ಎದುರಿಗೆ, ಒಂದು ಕಿರಿದಾದ ನೀರಿನಾಚೆ, ಶತ್ರುವಿನ ಕೋಟೆಯೇ ಕಾಣುವುದು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ನೀರನ್ನು ದಾಟುವಂತಿಲ್ಲ. ಅದನ್ನು ಮುಟ್ಟಲು ಭೂಮಂಡಲವನ್ನೆಲ್ಲ ಸುತ್ತಿ, ಗುಹೆಗಳನ್ನು ಹೊಕ್ಕು, ಊರೂರಿನಲ್ಲಿ ಒಬ್ಬೊಬ್ಬರು ಹೇಳುವ ಒಂದೊಂದು ಮಾತನ್ನು ಕೂಡಿಸಿಕೊಂಡು, ಕಟ್ಟಕಡೆಗೆ ಕಾಮನಬಿಲ್ಲಿನ ಸೇತುವೆಯನ್ನು ಪಡೆಯಬೇಕು. ನಾನು ಹೇಮಾವತಿಯ ದಂಡೆಯಲ್ಲಿ ಬೆಳೆದವನು. ಆಷಾಢದಲ್ಲಿ ಹೊಳೆ ತುಂಬಿ ಹರಿಗೋಲು ನಿಂತರೆ, ಎದುರುದಡದಲ್ಲಿದ್ದ ಸೋದರಮಾವನ ಮನೆಯ ಹೊಗೆ ಕಾಣುತ್ತಿತ್ತು, ಅತ್ತೆ ಬಟ್ಟೆ ಹರವುವುದು ಕಾಣುತ್ತಿತ್ತು. ಅಲ್ಲಿಗೆ ಹೋಗಬೇಕಾದರೆ ಹೊಳೆನರಸೀಪುರದ ಸೇತುವೆಯನ್ನು ಬಳಸಿಕೊಂಡು ಒಂದು ಹಗಲು ನಡೆಯಬೇಕಾಗಿತ್ತು. ಆ ಯಂತ್ರದ ಪರದೆಯಲ್ಲಿ ನೀರಿನಾಚೆಯ ಕೋಟೆಯನ್ನು ಕಂಡಾಗ ಐವತ್ತೈದು ವರ್ಷಗಳ ಹಿಂದಿನ ಆ ದಡ ನನ್ನೆದುರಿಗೆ ನಿಂತಿತು. ಸಮುದ್ರದ ಈಚೆ ನಿಂತ ವಾನರಸೇನೆಗೆ ಲಂಕೆಯು ಹೇಗಿದ್ದಿತೋ ಹಾಗೆ. ಕಾಣುತ್ತದೆ, ಸೇರಲಾಗದು, ಮಕ್ಕಳನ್ನು ಹಿಡಿದು ಕೂರಿಸುವುದು ಇದೇ ಹೊರತು ಬಣ್ಣದ ಬೆಡಗಲ್ಲ. ಮೂಲದ ಆಟದಲ್ಲಿ ಬಣ್ಣವೂ ಬೆಡಗೂ ಇದ್ದುದು ಅತ್ಯಲ್ಪ.

ಗುಹೆಗಳ ವಿಷಯವನ್ನೂ ಹೇಳಬೇಕು. ಒಳಗೆ ಕಗ್ಗತ್ತಲೆ, ಪಂಜು ಹಚ್ಚಿದರೆ ಸುತ್ತಲಿನ ಒಂದು ಹೆಜ್ಜೆಯಷ್ಟೇ ಕಾಣುವುದು. ದೊಡ್ಡಗದ್ದವಳ್ಳಿಯ ಹೊಯ್ಸಳ ದೇವಾಲಯದಲ್ಲಿ ಕಾಳಿಯ ಗುಡಿಯ ಮುಂದೆ ಆಳೆತ್ತರದ ಬೇತಾಳಗಳೆರಡು ಎಲುಬುಗಳನ್ನೆಣಿಸುವಂತೆ ನಿಂತಿರುವುದನ್ನು ಬಲ್ಲವರು ಬಲ್ಲರು. ಎಂಟು ವರ್ಷದವನಾಗಿದ್ದಾಗ ತಂದೆಯ ಪಂಚೆಯ ಚುಂಗನ್ನು ಹಿಡಿದುಕೊಂಡು ಅವುಗಳ ನಡುವೆ ನುಸುಳಿದ ನಡುಕವನ್ನು ನಾನು ಮರೆತಿಲ್ಲ. ಹೊರಗೆ ಬಂದ ಕೂಡಲೇ ಇನ್ನೊಮ್ಮೆ ಹೋಗೋಣವೆಂದು ಹಟ ಹಿಡಿದದ್ದನ್ನೂ ಮರೆತಿಲ್ಲ. ಭಯಾನಕವೂ ರಸವೇ ಎಂದು ಭರತನು ಹೇಳಿದ್ದು ನನ್ನ ಮಿತ್ರರಿಗೂ ಗೊತ್ತು. ಮಗುವಿಗೆ ಅಪಾಯವಿಲ್ಲದ ಭಯವನ್ನು ಕೊಡುವುದು ಕಥೆಗಾರನ ಹಳೆಯ ಕಸುಬು. ನಮ್ಮ ಮೂಡಲಪಾಯದ ಬಯಲಾಟದಲ್ಲಿ ರಾಕ್ಷಸನ ವೇಷವು ಪಂಜಿನ ಬೆಳಕಿನಲ್ಲಿ ಅಬ್ಬರಿಸಿಕೊಂಡು ಬರುವಾಗ ತಾಯಂದಿರ ಸೆರಗಿನಲ್ಲಿ ಅಡಗುತ್ತಿದ್ದವರು ನಾವೇ ಅಲ್ಲವೇ?

ನಾಯಕನು ಸತ್ತರೆ ಕೈಯಲ್ಲಿದ್ದ ಹಣದ ಅರ್ಧ ಹೋಗುವುದು. ರಾಜನ ಬಳಿಗೆ ಬಂದು ಬೀಳುವನು. ರಾಜನು ಬೈದು ಬದುಕಿಸುವನು. ಆದರೆ ಅಷ್ಟರವರೆಗೆ ಗಳಿಸಿದ ಅನುಭವಕ್ಕೆ ಮಾತ್ರ ಚ್ಯುತಿಯಿಲ್ಲ. ಹಣಕ್ಕೆ ನಷ್ಟ, ವಿದ್ಯೆಗೆ ನಷ್ಟವಿಲ್ಲ. ಮೂವತ್ತೈದು ವರ್ಷ ನಾನು ಕರಿಹಲಗೆಯ ಮುಂದೆ ನಿಂತು ಹೇಳಿಕೊಟ್ಟ ನೀತಿಪದ್ಯಗಳ ಅರ್ಥವೂ ಇದೇ ಆಗಿತ್ತು. ನನ್ನ ಮಾತನ್ನು ನಂಬಿದವರು ಎಷ್ಟು ಮಂದಿಯೋ. ಈ ಆಟದಲ್ಲಿ ನಂಬದೆ ವಿಧಿಯಿಲ್ಲ.

ಕಡೆಯ ಪ್ರಸಂಗವು ನನಗೆ ಅತ್ಯಂತ ಮೆಚ್ಚಿಕೆಯಾಯಿತು. ನಾಯಕನು ಸರ್ಪರಾಜನೆದುರಿಗೆ ಬಂದು ನಿಂತಾಗ ಅವನು ಕೂಡಲೇ ಕಾದುವುದಿಲ್ಲ. ನನ್ನ ಕಡೆಗೆ ಬಂದುಬಿಡು, ಜಗತ್ತಿನಲ್ಲಿ ಅರ್ಧವನ್ನು ಕೊಡುವೆನೆಂದು ಕೇಳುವನು. ಹೌದು, ಅಲ್ಲ ಎಂಬ ಎರಡು ಉತ್ತರಗಳು ಮುಂದಿರುವುವು. ಹೌದೆಂದರೆ ಕತ್ತಲು ಕವಿದು ಎಲ್ಲ ಮುಗಿಯುವುದು. ಮೊಮ್ಮಗಳು ನನ್ನ ಮುಖವನ್ನು ನೋಡಿದಳು, ನಾನು ಬಾಯಿಬಿಡಲಿಲ್ಲ. ಬೆರಳು ಬಹಳ ಹೊತ್ತು ಗುಂಡಿಯ ಮೇಲೆಯೇ ನಿಂತಿದ್ದಿತು. ಬಯಲಾಟದಲ್ಲಿ ಶಲ್ಯನು ಕೌರವನ ಉಪಚಾರಕ್ಕೆ ಸೋತು ಪಕ್ಷ ಬದಲಾಯಿಸುವುದನ್ನು ನಾನು ನೋಡಿ ಮರುಗಿದ್ದೇನೆ. ಆದರೆ ಆ ಆಮಿಷವು ನನ್ನ ಮುಂದೆಯೇ ಬಂದು, ನಾನೇ ಉತ್ತರ ಹೇಳಬೇಕಾದ ಕಥೆಯನ್ನು ಅದುವರೆಗೆ ಕಂಡಿರಲಿಲ್ಲ. ಕಾವ್ಯಕ್ಕಿಂತ ಇದು ಮೇಲೆಂದು ನಾನು ಹೇಳಲೊಲ್ಲೆನು. ಕಾವ್ಯಕ್ಕಿಲ್ಲದ ಒಂದು ಉಪಕರಣವು ಇದಕ್ಕಿದೆಯೆಂಬುದನ್ನು ಮಾತ್ರ ಒಪ್ಪಲೇಬೇಕು.

ಪಂಡಿತರಾದವರು ಕೇಳತಕ್ಕ ಮಾತು ಇನ್ನೂ ಉಂಟು. ಆ ಮೊದಲ ಆಟದ ಸಮಸ್ತವೂ, ಕಥೆ ಚಿತ್ರ ಸಂಗೀತಗಳೆಲ್ಲ ಸೇರಿ, ೬೪ ಕಿಲೋಬೈಟುಗಳೊಳಗೆ ಅಡಗಿದ್ದುವು. ಇಂದು ನಮ್ಮ ದೂರವಾಣಿಗಳಲ್ಲಿ ಬೆಳಗಾಗುತ್ತಲೇ ಬಂದು ಬೀಳುವ ಹೂವಿನ ಶುಭೋದಯದ ಚಿತ್ರವೊಂದಕ್ಕೂ ಅಷ್ಟು ಸ್ಥಳ ಸಾಲದಾಗುವುದುಂಟು. ಸ್ಥಳಾಭಾವದಿಂದ ಜಪಾನೀ ಭಾಷೆಯ ಕತಕಾನ ಲಿಪಿಯಲ್ಲಿ ಕೇವಲ ೨೦ ಅಕ್ಷರಗಳನ್ನಿಟ್ಟುಕೊಂಡು, ಆ ಲಿಪಿಯಲ್ಲಿ ಬರೆಯುವ ರಾಕ್ಷಸರ ಹೆಸರುಗಳನ್ನೂ ಮಂತ್ರಗಳ ಹೆಸರುಗಳನ್ನೂ ಅವುಗಳಿಂದಲೇ ಹೋರಿಯವರು ಹೊಸೆದರು. ಭಾರವಿಯು ಕಿರಾತಾರ್ಜುನೀಯದ ೧೫ನೆಯ ಸರ್ಗದಲ್ಲಿಯೂ ಮಾಘನು ಶಿಶುಪಾಲವಧದ ೧೯ನೆಯ ಸರ್ಗದಲ್ಲಿಯೂ ಇಂತಿಂತಹ ಅಕ್ಷರಗಳೇ ಬರಬೇಕೆಂದು ತಮಗೆ ತಾವೇ ಕಟ್ಟು ಹಾಕಿಕೊಂಡು ಚಿತ್ರಕಾವ್ಯ ಬರೆದದ್ದನ್ನು ನಾವು ಕೊಂಡಾಡುವೆವು. ಅವರದು ಸ್ವಇಚ್ಛೆಯ ಕಟ್ಟು, ಇವರದು ಬಡತನದ ಕಟ್ಟು. ಬಡತನದಿಂದ ಹುಟ್ಟಿದ ಚಾತುರ್ಯಕ್ಕೆ ಮಾತ್ರ ನಮ್ಮ ಸಂಘದಲ್ಲಿ ಮನ್ನಣೆಯಿಲ್ಲವೋ?

ಮತ್ತೂ ಒಂದು. ಆಡಿದಷ್ಟನ್ನು ಉಳಿಸಿಡುವ ಸೌಕರ್ಯವು ಆ ಮೊದಲ ಜಪಾನೀ ಆಟದಲ್ಲಿ ಇರಲಿಲ್ಲ. ನಿಲ್ಲಿಸುವಾಗ ರಾಜನು ೨೦ ಅಕ್ಷರಗಳ ಒಂದು ಮಂತ್ರವನ್ನು ಹೇಳುತ್ತಿದ್ದನು. ಪುನರುಜ್ಜೀವನದ ಮಂತ್ರವೆಂದೇ ಅದರ ಹೆಸರು. ಮಕ್ಕಳು ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಮರುದಿನ ತಪ್ಪಿಲ್ಲದೆ ಒಪ್ಪಿಸಬೇಕಾಗಿತ್ತು. ಒಂದು ಅಕ್ಷರ ತಪ್ಪಿದರೂ ವಾರದ ಶ್ರಮವೆಲ್ಲ ಹಾಳು. ತ್ವಷ್ಟೃವು ಸ್ವರವನ್ನು ತಪ್ಪಿ ಉಚ್ಚರಿಸಿದ್ದರಿಂದ ಇಂದ್ರನನ್ನು ಕೊಲ್ಲಬೇಕಾದ ಮಗನು ಇಂದ್ರನಿಂದಲೇ ಹತನಾದ ಕಥೆಯನ್ನು ಹೇಳಿ ಗುರುಗಳು ನಮ್ಮ ಕಿವಿ ಹಿಂಡುತ್ತಿದ್ದರಷ್ಟೆ. ಜಪಾನಿನ ಮಕ್ಕಳಿಗೆ ಕಿವಿ ಹಿಂಡುವವರು ಬೇಕಾಗಲಿಲ್ಲ.

ಸಂಗೀತಕ್ಕೆ ಬರೋಣ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂತಹ ಸಂಗೀತಗ್ರಾಮವು ಇರುವ ನಾಡಿನವರು ನಾವು, ಆರ್. ಕೆ. ಶ್ರೀಕಂಠನ್ ಅವರು ೧೯೨೦ರಲ್ಲಿ ಹುಟ್ಟಿದ್ದು ಅಲ್ಲಿಯೇ. ಆದ್ದರಿಂದ ಕಿವಿಯ ವಿಷಯದಲ್ಲಿ ನಮಗೆ ಸ್ವಲ್ಪ ಹೆಮ್ಮೆ ಸಹಜ. ಸುಗಿಯಾಮರು ಈ ಆಟಕ್ಕೆ ರಚಿಸಿದ ನಾಂದೀಸಂಗೀತವನ್ನು ವಾದ್ಯವೃಂದಗಳು ಸಭಾಂಗಣಗಳಲ್ಲಿ ನುಡಿಸುತ್ತವೆ. ೨೦೨೧ರ ಜುಲೈ ೨೩ರಂದು ಟೋಕಿಯೋ ಒಲಿಂಪಿಕ್ಸಿನ ಆರಂಭೋತ್ಸವದಲ್ಲಿ ಸಕಲ ದೇಶಗಳ ಕ್ರೀಡಾಪಟುಗಳು ಮೈದಾನವನ್ನು ಪ್ರವೇಶಿಸಿದ್ದು ಈ ಸಂಗೀತದಿಂದ ಮೊದಲಾದ ಆಟಗಳ ಸಂಗೀತಮಾಲಿಕೆಗೆ. ಒಂದು ಜನಾಂಗವು ಜಗತ್ತನ್ನೆಲ್ಲ ಮನೆಗೆ ಕರೆದಾಗ ಬಾಗಿಲಲ್ಲಿ ನುಡಿಸಿದ್ದನ್ನು ನಾವು ‘ಪಿಶಾಚವಾದ್ಯ’ವೆನ್ನುವುದು ಗಾಂಭೀರ್ಯವಲ್ಲ.

ಈ ಆಟಗಳಲ್ಲಿ ದೋಷವೇ ಇಲ್ಲವೆಂದು ನಾನು ವಾದಿಸುವುದಾದರೆ ನಾನೂ ಕುರುಡನೇ. ಕಾಲವನ್ನು ನುಂಗುವುದು ಮೊದಲನೆಯ ದೋಷ. ಈ ಸರಣಿಯ ಮೂರನೆಯ ಆಟವು ೧೯೮೮ರ ಫೆಬ್ರವರಿ ೧೦ರ ಬುಧವಾರ ಮಾರಾಟಕ್ಕೆ ಬಂದಾಗ ಜಪಾನಿನ ಮಕ್ಕಳು ಶಾಲೆಯನ್ನು ತಪ್ಪಿಸಿಕೊಂಡು ಅಂಗಡಿಗಳ ಮುಂದೆ ಸಾಲು ನಿಂತರು. ಪೋಲೀಸರು ಹಿಡಿದು ಕಳುಹಿಸಬೇಕಾಯಿತು. ಅಲ್ಲಿನ ಹಿರಿಯರು ಆಟವನ್ನು ಸುಡಲಿಲ್ಲ. ಮುಂದಿನ ಆಟಗಳನ್ನು ಪ್ರಕಾಶಕರು ರಜಾದಿನಗಳಲ್ಲಿ ಬಿಡುಗಡೆ ಮಾಡತೊಡಗಿದರು, ಅಷ್ಟೇ. ಎರಡನೆಯದು, ಬೆಳೆಯಬೇಕಾದರೆ ಕೊಲ್ಲಲೇಬೇಕೆಂಬ ನಿಯಮ. ಲೋಳೆಯ ಮುದ್ದೆಯಂತಹ ಬಡಪ್ರಾಣಿಗಳನ್ನು ನೂರಾರು ಸಲ ಬಡಿದರೆ ನಾಯಕನು ಬಲಿಷ್ಠನಾಗುವನು. ಇದು ಶಬ್ದಮಂಜರಿಯನ್ನು ಉರುಹೊಡೆದಂತೆ ಬೇಸರ, ಮತ್ತು ಉರುಹೊಡೆದಂತೆ ಒಂದು ಬಗೆಯ ಅಮಲು. ಮೊಮ್ಮಗಳಿಗೆ ದಿನಕ್ಕೆ ಮುಕ್ಕಾಲು ಗಂಟೆಯೆಂದು ನಾನೇ ನಿಯಮ ಮಾಡಿದೆನು. ಒಂದು ದಿನ ನನ್ನ ಕುತೂಹಲದಿಂದಲೇ ಅದು ಒಂದೂವರೆ ಗಂಟೆಯಾಯಿತೆಂದು ಮಗಳು ಇಬ್ಬರನ್ನೂ ಬೈದಳು. ಕೊಲ್ಲುವುದನ್ನೇ ಗುರಿಯಾಗಿಸದೆಯೂ ಇಂತಹ ಆಟವನ್ನು ಕಟ್ಟಬಹುದೆಂಬುದಕ್ಕೆ ದೃಷ್ಟಾಂತವಿದೆ. ರಿಚರ್ಡ್ ಗ್ಯಾರಿಯಟ್ ಎಂಬವರು ೧೯೮೫ರಲ್ಲಿ ರಚಿಸಿದ ಅಲ್ಟಿಮಾ ಸರಣಿಯ ನಾಲ್ಕನೆಯ ಆಟದಲ್ಲಿ ಕೊಲ್ಲಬೇಕಾದ ಮಹಾಶತ್ರುವೇ ಇಲ್ಲ. ಸತ್ಯ, ದಯೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಅಧ್ಯಾತ್ಮ, ವಿನಯವೆಂಬ ಎಂಟು ಗುಣಗಳನ್ನು ನಡತೆಯಿಂದ ಸಾಧಿಸುವುದೇ ಗುರಿ. ಸಾಧಿಸಿದವನಿಗೆ ಅವರು ಇಟ್ಟ ಹೆಸರು, ನಮ್ಮ ಶಬ್ದ, ‘ಅವತಾರ’.

ಮೂರನೆಯ ಆಕ್ಷೇಪವಾದ ಭಾಷೆಯ ವಿಷಯಕ್ಕೆ ಈಗ ಬಂದೆನು. ಇಲ್ಲಿ ನನ್ನ ಮಿತ್ರರು ರೋಗವನ್ನು ಸರಿಯಾಗಿಯೇ ಕಂಡು, ಕಾರಣವನ್ನು ತಲೆಕೆಳಗಾಗಿ ಹೇಳಿರುವರು. ಮಗುವಿನ ಕನ್ನಡವು ಕ್ಷೀಣಿಸುತ್ತಿರುವುದು ನಿಜ. ಆಟವು ಅದನ್ನು ಕೊಂದಿತೆಂಬುದು ಸುಳ್ಳು. ಆ ಆಟದಲ್ಲಿ ಓದದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ; ಊರಿನ ಮುದುಕನು ಹೇಳಿದ ಮಾತನ್ನು ಗಮನವಿಟ್ಟು ಓದದಿದ್ದರೆ ಗುಹೆಯ ದಾರಿ ತಿಳಿಯದು. ಎರಡು ತಿಂಗಳಲ್ಲಿ ಮೊಮ್ಮಗಳು ಮುನ್ನೂರು ವರ್ಷದ ಹಿಂದಿನ ಇಂಗ್ಲಿಷಿನ ಸರ್ವನಾಮಗಳನ್ನೂ ಕ್ರಿಯಾರೂಪಗಳನ್ನೂ ತಾನಾಗಿಯೇ ಕಲಿತಳು. ಯಾರೂ ಅಂಕ ಕೊಡಲಿಲ್ಲ, ಯಾರೂ ಬೈಯಲಿಲ್ಲ. ರಾಜನು ಆ ಭಾಷೆಯಲ್ಲಿ ಮಾತಾಡಿದನು, ಅವಳಿಗೆ ರಾಜನ ಮಾತು ಬೇಕಾಗಿದ್ದಿತು. ಆ ರಾಜನು ಕನ್ನಡದಲ್ಲಿ ಮಾತಾಡಿದ್ದರೆ? ಹಳಗನ್ನಡದ ಛಾಯೆಯಲ್ಲಿಯೇ ಮಾತಾಡಿದ್ದರೆ? ಈ ಪ್ರಶ್ನೆಯನ್ನು ನಮ್ಮ ಸಂಘವು ಒಂದು ದಿನವಾದರೂ ಕೇಳಿಕೊಂಡದ್ದುಂಟೇ? ನಿಷೇಧದ ನಿರ್ಣಯವೊಂದನ್ನು ಬರೆಯಲು ಅರ್ಧ ತಾಳೆ ಕಾಗದ ಸಾಕು; ಆಟವೊಂದಕ್ಕೆ ಕನ್ನಡ ಬರೆದುಕೊಡಲು ವಿದ್ವಾಂಸರು ಬೇಕು. ನಾವು ಸುಲಭವಾದುದನ್ನು ಆರಿಸಿಕೊಂಡಿದ್ದೇವೆ.

ನಾವು ಸುಮ್ಮನಿದ್ದರೆ ನಮ್ಮ ಶಬ್ದಗಳೇನೂ ಸುಮ್ಮನಿರುವುದಿಲ್ಲ. ಅನ್ಯರ ಕೈಯಲ್ಲಿ ಹೋಗಿ ವೇಷ ಬದಲಾಯಿಸುವುವು. ಫೈನಲ್ ಫ್ಯಾಂಟಸಿ ಎಂಬ ಇನ್ನೊಂದು ಜಪಾನೀ ಸರಣಿಯಲ್ಲಿ ‘ಶಿವ’ ಎಂದರೆ ಹಿಮವನ್ನೆರಚುವ ನೀಲಿ ಮೈಯ ಹೆಂಗಸು! ೧೯೯೧ರಲ್ಲಿ ಬಂದ ಅದೇ ಸರಣಿಯ ನಾಲ್ಕನೆಯ ಆಟದಲ್ಲಿ ‘ಅಸುರ’ ಎಂಬುವಳು ಮೂರು ಮುಖದ ರಾಣಿ. ೨೦೦೪ರ ಡಿಜಿಟಲ್ ಡೆವಿಲ್ ಸಾಗಾ ಎಂಬುದರಲ್ಲಿ ಅಗ್ನಿ, ವಾಯು, ಪೃಥಿವಿ, ದ್ಯೌಸ್ ಎಂಬವರು ಒಬ್ಬರನ್ನೊಬ್ಬರು ತಿನ್ನುವ ದೈತ್ಯರೂಪಗಳು. ಅವರು ಸೇರಬಯಸುವ ಲೋಕಕ್ಕೆ ನಿರ್ವಾಣವೆಂದು ಹೆಸರು. ಇದನ್ನು ಕೇಳಿ ನನ್ನ ಮಿತ್ರರು ಮತ್ತೊಂದು ಖಂಡನೆಯ ನಿರ್ಣಯವನ್ನು ಬರೆಯಲು ಕುಳಿತಾರೆಂದು ನನಗೆ ಭಯ. ಜಪಾನೀಯರು ಕದ್ದರೆಂದು ನಾನು ಹೇಳುವುದಿಲ್ಲ. ಊರಬಾವಿಯ ಕಟ್ಟೆಯ ಮೇಲೆ ನಾವು ಬಿಟ್ಟುಬಂದ ಬಿಂದಿಗೆಯನ್ನು ದಾರಿಹೋಕರು ಎತ್ತಿಕೊಂಡು ನೀರು ಕುಡಿದರು. ಕುಡಿದದ್ದು ತಪ್ಪೋ, ಬಿಟ್ಟುಬಂದದ್ದು ತಪ್ಪೋ?

ಯಂತ್ರ ಗೊತ್ತಿಲ್ಲ, ಶಿಲ್ಪಿಗಳಿಲ್ಲವೆಂಬ ನೆಪವೂ ನಮಗಿಲ್ಲ. ಭಾರತದಲ್ಲಿ ಇಂತಹ ಆಟಗಳನ್ನು ರಚಿಸುವ ಮೊದಲ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರ್‍ಯಾಕ್ಟಿವ್ ೧೯೯೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿತು. ಪರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರಶಿಲ್ಪಗಳನ್ನು ಮಾಡಿಕೊಟ್ಟು, ೨೦೧೯ರಲ್ಲಿ ಅಮೆರಿಕೆಯ ರಾಕ್‌ಸ್ಟಾರ್ ಸಂಸ್ಥೆಯ ಕೈಸೇರಿತು. ನಮ್ಮ ರಾಜ್ಯ ಸರ್ಕಾರವು ಈ ಉದ್ಯಮಕ್ಕಾಗಿ ೨೦೧೨ರಲ್ಲಿಯೇ ಒಂದು ನೀತಿಯನ್ನು ಪ್ರಕಟಿಸಿ, ೨೦೨೪ರಲ್ಲಿ ಅದನ್ನು ಹೊಸದಾಗಿ ಬರೆಯಿತು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಭಿತ್ತಿಗಳಲ್ಲಿ ೧೨೪೬ರಲ್ಲಿ ಕಲ್ಲಿನಲ್ಲಿ ಕಥೆ ಹೇಳಿದವರ ನಾಡಿನ ಹುಡುಗರು ಇಂದು ಅನ್ಯರ ಕಥೆಯ ಕುದುರೆಗಳಿಗೆ ಕೂದಲು ಬಿಡಿಸಿಕೊಟ್ಟು ಸಂಬಳ ಪಡೆಯುವರು. ಸಂಬಳವನ್ನು ನಾನು ಹೀಯಾಳಿಸುವುದಿಲ್ಲ. ಅವರ ಬಳಿಗೆ ಹೋಗಿ, ಇಗೋ ಜೈಮಿನಿಭಾರತದ ಚಂದ್ರಹಾಸ, ಇವನ ಕೈಯಲ್ಲಿ ವಿಷದ ಓಲೆಯಿದೆ, ಇವನನ್ನು ದಾರಿ ನಡೆಯಿಸಿರೆಂದು ಹೇಳಿದ ಸಾಹಿತ್ಯಸಂಘ ಯಾವುದು?

ಇದು ನಮ್ಮ ಸಂಪ್ರದಾಯಕ್ಕೆ ಹೊರತಾದುದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ತಮ್ಮ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗಕ್ಕೆ ಕೌತುಕನಿಧಿಯೆಂದು ಹೆಸರಿಟ್ಟು ಅದನ್ನು ಆಟಗಳಿಗೇ ಮೀಸಲಿಟ್ಟರು. ಕಾಯಿಯನ್ನು ನಡೆಯಿಸುತ್ತ ನಡೆಯಿಸುತ್ತ ದೇವತಾಸಾಯುಜ್ಯವನ್ನು ಸೇರುವ ಪಟಗಳನ್ನು ತಾವೇ ಕಲ್ಪಿಸಿದರು. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಪರಮಪದ ಸೋಪಾನಪಟವನ್ನು ಹರಡಿಕೊಂಡು ಅಜ್ಜಿಯೊಡನೆ ಆಡಿದವರು ಈ ಸಂಘದಲ್ಲಿ ಇನ್ನೂ ಹಲವರಿರುವರು. ಅಂದು ಕವಡೆ ಹಾಕಿದ್ದನ್ನು ಯಾರೂ ಜೂಜೆನ್ನಲಿಲ್ಲ. ದೊಡ್ಡ ಹಾವು ನುಂಗಿ ಕೆಳಕ್ಕಿಳಿಸಿದಾಗ ಅತ್ತವರು, ಬೆಳಗಿನ ಜಾವದವರೆಗೆ ಬಿಡದೆ ಪುನಃ ಏಣಿ ಹತ್ತಿದವರು, ಇಂದು ಮೊಮ್ಮಕ್ಕಳಿಗೆ ಪ್ರತಿಜ್ಞಾಪತ್ರ ಬರೆಸಲು ಹೊರಟಿರುವುದನ್ನು ನೋಡಿದರೆ ನಗುವುದೋ ಅಳುವುದೋ ತಿಳಿಯದು.

ಆದಕಾರಣ ನಿರ್ಣಯಕ್ಕೆ ಬದಲಾಗಿ 나는 ಎನ್ನುವ ವಾದವನ್ನು ಬೆಳೆಸದೆ, ನಾನು ಒಂದು ಪ್ರತಿಸೂಚನೆಯನ್ನು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ಸಂಘವು ಮೂವರು ವಿದ್ವಾಂಸರನ್ನೂ ಮೂವರು ಮಕ್ಕಳನ್ನೂ ಒಂದು ಮೇಜಿನ ಸುತ್ತ ಕೂರಿಸಿ, ಇಂತಹ ಆಟವೊಂದರ ಮಾತುಗಳನ್ನು ಕನ್ನಡಕ್ಕೆ ತರುವುದು ಹೇಗೆಂಬುದನ್ನು ಅಭ್ಯಾಸಕ್ಕಾಗಿಯಾದರೂ ಮಾಡಿ ನೋಡಲಿ. ನಾನೂ ಮೊಮ್ಮಗಳೂ ಮನೆಯಲ್ಲಿ ಆಗಲೇ ಪ್ರಾರಂಭಿಸಿದ್ದೇವೆ. ಇನ್ನೂರು ಪುಟದ ಒಂದು ನೋಟುಪುಸ್ತಕದಲ್ಲಿ ರಾಜನ ಮೊದಲ ಭಾಷಣವೂ ಎರಡು ಊರುಗಳ ಜನರ ಮಾತುಗಳೂ ಮುಗಿದಿವೆ. ರಾಜನು ‘ನೀಂ’ ಎನ್ನಬೇಕೆಂದು ಅವಳೇ ಹಟ ಹಿಡಿದಳು. ಊರಿನ ಮುದುಕಿಯು ಮಾತ್ರ ನಮ್ಮ ಅರಕಲಗೂಡಿನ ಕಡೆಯ ಆಡುಮಾತಿನಲ್ಲಿಯೇ ಇರಲೆಂದಳು, ಒಪ್ಪಿದೆನು. ಲೋಳೆಯ ಪ್ರಾಣಿಯ ಹೆಸರಿನಲ್ಲಿ ನಮಗಿಬ್ಬರಿಗೂ ಜಗಳ ಹತ್ತಿದೆ. ನಾನು ‘ಪಿಚ್ಛಿಲಾಸುರ’ನೆಂದು ಸೂಚಿಸಿದೆನು. ‘ತಾತ, ಅದು ಒಂದೇ ಏಟಿಗೆ ಸಾಯುತ್ತೆ, ಅದಕ್ಕೆ ಅಷ್ಟುದ್ದ ಹೆಸರಾ?’ ಎಂದು ನಕ್ಕು, ಅವಳು ‘ಲೋಳ’ ಎಂದು ಬರೆದುಕೊಂಡಿರುವಳು. ನನ್ನ ಮಿತ್ರರು ಬರುವ ಭಾನುವಾರ ಹಾಸನಕ್ಕೆ ಬಂದು ಆಟವನ್ನು ಒಂದು ಗಂಟೆ ನೋಡಿ, ಈ ಹೆಸರಿನ ವಿವಾದದಲ್ಲಿ ಮಧ್ಯಸ್ಥರಾಗುವುದಾದರೆ, ಇಬ್ಬರೂ ಅವರ ತೀರ್ಪಿಗೆ ಬದ್ಧರಾಗಿರುವೆವೆಂದು ಮಾತು ಕೊಟ್ಟಿದ್ದೇವೆ.